ಗದ್ದೆಯೊಳಗಿನ ಜೀವಿಗಳ ಪರಸ್ಪರ ಸಂಬಂಧ: ಕಂದು ಜಿಗಿಹುಳುವಿನ ದೃಷ್ಟಾಂತ

ಬತ್ತದ ಗದ್ದೆಯೆಂದರೆ ಮಣ್ಣು, ನೀರು, ಪೈರು ಇವಿಷ್ಟೇ ಎಂದು ಸಾಮಾನ್ಯವಾಗಿ ಭಾವಿಸಲಾಗುವುದು. ಇವುಗಳ ಜೊತೆಗೆ ಹುಳುವನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಅದನ್ನು ಹೊರಗಿನಿಂದ ಬಂದ ಕಳ್ಳನೆಂದು ಎಣಿಸುವುದೇ ವಾಡಿಕೆ. ಆದರೆ ನಾಟಿಯಾಗಿ ಹದಿನೈದು ಇಪ್ಪತ್ತು ದಿವಸಗಳಾದ ಮೇಲೆ, ಬಿಸಿಲು ಏರುವುದಕ್ಕೆ ಮುಂಚೆ, ಬದುವಿನ ಮೇಲೆ ಕುಳಿತು ಪೈರಿನ ಬುಡದ ಕಡೆಗೆ ಕಾಲು ಗಂಟೆಯ ಕಾಲ ದೃಷ್ಟಿಯಿಟ್ಟು ನೋಡತಕ್ಕವರಿಗೆ ಬೇರೊಂದು ಪ್ರಪಂಚವೇ ಗೋಚರವಾಗುವುದು. ನೀರಿನ ಮೇಲೆ ಓಡಾಡುವ ಸಣ್ಣ ತಿಗಣೆಗಳು, ಬುಡದಿಂದ ಬುಡಕ್ಕೆ ಹಾರುವ ಜೇಡಗಳು, ಗರಿಗಳ ನಡುವೆ ಬಲೆ ಕಟ್ಟಿರುವ ಉದ್ದ ಕಾಲಿನ ಬೇರೊಂದು ಜಾತಿಯ ಜೇಡಗಳು, ಕೆಸರಿನಿಂದ ಮೇಲೇಳುವ ಸೊಳ್ಳೆಯಂಥ ನೊಣಗಳು, ಗುಲಗಂಜಿ ಹುಳುಗಳು, ಏರೋಪ್ಲೇನ್ ಚಿಟ್ಟೆಗಳು, ಕಪ್ಪೆಮರಿಗಳು, ಏಡಿಗಳು, ಇವೆಲ್ಲವೂ ಅಲ್ಲಿರುವುವು. ಇವುಗಳಲ್ಲಿ ಬತ್ತವನ್ನು ತಿನ್ನತಕ್ಕವು ಕೆಲವು ಮಾತ್ರ. ಉಳಿದವು ಒಂದನ್ನೊಂದು ತಿಂದೋ, ಕೊಳೆತದ್ದನ್ನು ತಿಂದೋ ಜೀವಿಸತಕ್ಕವು. ಈ ಜೀವಿಗಳಿಗೆ ಪರಸ್ಪರವಾಗಿಯೂ, ಮಣ್ಣು, ನೀರು, ಬಿಸಿಲುಗಳೊಡನೆಯೂ ಇರುವ ಸಂಬಂಧವೇನೆಂಬುದನ್ನೂ, ಆ ಸಂಬಂಧವನ್ನು ತಿಳಿಯದೆ ಕೈಹಾಕಿದರೆ ಬೇಸಾಯಗಾರನಿಗೆ ಆಗತಕ್ಕ ನಷ್ಟವೇನೆಂಬುದನ್ನೂ ಈ ಲೇಖನದಲ್ಲಿ ನಿರೂಪಿಸಲಾಗುವುದು.

ಜೀವಿಗಳಿಗೂ ಅವುಗಳ ಸುತ್ತಣ ಪರಿಸ್ಥಿತಿಗೂ ಇರುವ ಸಂಬಂಧವನ್ನು ವಿಚಾರಮಾಡುವ ಶಾಸ್ತ್ರಕ್ಕೆ 1866ರಲ್ಲಿ ಜರ್ಮನಿಯ ಪ್ರಾಣಿಶಾಸ್ತ್ರಜ್ಞನಾದ ಅರ್ನ್ಸ್ಟ್ ಹೆಕೆಲನು ಇಕಾಲಜಿ ಎಂದು ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ಮನೆ ಎಂಬರ್ಥದ ಶಬ್ದದಿಂದ ಈ ಹೆಸರು ಹುಟ್ಟಿರುವುದು. ಒಂದು ಸ್ಥಳದ ಜೀವಿಗಳೆಲ್ಲವನ್ನೂ, ಅವು ವಾಸಿಸುವ ನಿರ್ಜೀವ ಪದಾರ್ಥಗಳನ್ನೂ ಒಟ್ಟಿಗೆ ಸೇರಿಸಿ ಒಂದೇ ವ್ಯವಸ್ಥೆಯೆಂದು ನೋಡಬೇಕೆಂಬುದಾಗಿ 1935ರಲ್ಲಿ ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಟ್ಯಾನ್ಸ್ಲಿ ಎಂಬವರು ಸೂಚಿಸಿ, ಅದಕ್ಕೆ ಇಕೋಸಿಸ್ಟಮ್ ಎಂಬ ಪದವನ್ನು ಬಳಕೆಗೆ ತಂದರು. ಈಗ ಕನ್ನಡದಲ್ಲಿ ಇದನ್ನು ಪರಿಸರ ವ್ಯವಸ್ಥೆಯೆನ್ನುವರು. ಹೆಸರು ಹೊಸದಾದರೂ ವಿಷಯವು ನಮ್ಮ ಒಕ್ಕಲಿಗರಿಗೆ ತೀರ ಅಪರಿಚಿತವಾದುದಲ್ಲ. ಮನೆಯೆಂದ ಮೇಲೆ ದುಡಿಯುವವರು, ಉಣ್ಣುವವರು, ಅಡಿಗೆಯ ಕಸವನ್ನು ತಿಪ್ಪೆಗೆ ಹಾಕಿ ಗೊಬ್ಬರ ಮಾಡುವವರು ಎಲ್ಲರೂ ಇರಬೇಕಷ್ಟೆ.

ಗದ್ದೆಯಲ್ಲಿ ದುಡಿಯತಕ್ಕವು ಹಸಿರು ಸಸ್ಯಗಳು. ಬಿಸಿಲಿನ ಶಕ್ತಿಯನ್ನು ಹಿಡಿದು, ಗಾಳಿಯಲ್ಲಿರುವ ಇಂಗಾಲಾಮ್ಲವನ್ನೂ ನೀರನ್ನೂ ಕೂಡಿಸಿ ಆಹಾರವನ್ನು ತಯಾರಿಸುವ ಸಾಮರ್ಥ್ಯವು ಅವುಗಳಿಗೆ ಮಾತ್ರ ಉಂಟು. ಬತ್ತವಲ್ಲದೆ ಕಳೆಗಳೂ, ನಿಂತ ನೀರಿನಲ್ಲಿ ಬೆಳೆಯುವ ಪಾಚಿಗಳೂ ಈ ವರ್ಗಕ್ಕೆ ಸೇರಿದವು. ನೀಲಿಹಸಿರು ಪಾಚಿಯನ್ನು ಬೇಸಾಯಗಾರರು ಕೀಳಾಗಿ ಕಾಣುವುದುಂಟು. ಆದರೆ ಅದು ಗಾಳಿಯ ಸಾರಜನಕವನ್ನು ಹಿಡಿದು ಗದ್ದೆಗೆ ಒದಗಿಸುವುದೆಂದು ಪಿ. ಕೆ. ಡೇ ಎಂಬವರು 1939ರಲ್ಲಿಯೇ ನಮ್ಮ ದೇಶದ ಬತ್ತದ ಮಣ್ಣುಗಳನ್ನು ಪರೀಕ್ಷಿಸಿ ತೋರಿಸಿಕೊಟ್ಟರು. ಸಸ್ಯಗಳನ್ನು ತಿನ್ನತಕ್ಕ ಹುಳುಗಳು ಎರಡನೆಯ ಮೆಟ್ಟಿಲಿನವು. ಆ ಹುಳುಗಳನ್ನು ತಿನ್ನತಕ್ಕ ಜೇಡ, ಕಪ್ಪೆ ಮೊದಲಾದವು ಮೂರನೆಯವು. ಕಪ್ಪೆಯನ್ನು ನುಂಗುವ ಹಾವು, ಹಾವನ್ನು ಎತ್ತಿಕೊಂಡು ಹೋಗುವ ಹದ್ದು, ಹೀಗೆ ಮೇಲುಮೇಲಕ್ಕೆ ಹೋಗುವುವು. ಸತ್ತ ಪ್ರತಿಯೊಂದನ್ನೂ ಕೊಳೆಯಿಸಿ ಮತ್ತೆ ಪೈರಿನ ಆಹಾರವನ್ನಾಗಿ ಮಾಡತಕ್ಕ ಸೂಕ್ಷ್ಮಜೀವಿಗಳೂ, ಕೊಳೆತದ್ದನ್ನೇ ತಿಂದು ಬದುಕುವ ಸಣ್ಣ ಹುಳುಗಳೂ ಕೆಸರಿನಲ್ಲಿರುವುವು.

ಇಲ್ಲಿ ಒಂದು ಮುಖ್ಯವಾದ ಸಂಗತಿಯನ್ನು ಗಮನಿಸತಕ್ಕದ್ದು. ಒಂದು ಮೆಟ್ಟಿಲಿನ ಜೀವಿಗಳ ಮೈಯಲ್ಲಿ ಸಂಗ್ರಹವಾದ ಶಕ್ತಿಯಲ್ಲಿ ಸ್ಥೂಲವಾಗಿ ಹತ್ತರಲ್ಲೊಂದು ಪಾಲು ಮಾತ್ರ ಮೇಲಿನ ಮೆಟ್ಟಿಲಿಗೆ ದಾಟುವುದು. ಉಳಿದುದು ಉಸಿರಾಟ, ಚಲನವಲನ, ಮಲವಿಸರ್ಜನೆಗಳಲ್ಲಿ ವ್ಯಯವಾಗುವುದು. ಆದುದರಿಂದಲೇ ಗದ್ದೆಯಲ್ಲಿ ಬತ್ತವು ಅಪಾರವಾಗಿಯೂ, ಹುಳುಗಳು ಅದಕ್ಕಿಂತ ಕಡಿಮೆಯಾಗಿಯೂ, ಹದ್ದುಗಳು ಹೋಬಳಿಗೆ ಕೆಲವಾಗಿಯೂ ಇರುವುದು. ಮೇಲಿನ ಮೆಟ್ಟಿಲಿನ ಜೀವಿಗಳು ಸ್ವಭಾವತಃ ಸ್ವಲ್ಪವಾಗಿಯೂ, ಬಹುಮಟ್ಟಿಗೆ ನಿಧಾನವಾಗಿ ಮರಿಮಾಡತಕ್ಕವಾಗಿಯೂ ಇರುವುದರಿಂದ, ಒಂದು ಸಾರಿ ನಾಶವಾದರೆ ಅವು ಮತ್ತೆ ತುಂಬಿಕೊಳ್ಳಲು ಹೆಚ್ಚು ಕಾಲ ಹಿಡಿಯುವುದು. ಮುಂದೆ ಹೇಳುವುದೆಲ್ಲವೂ ಈ ಮಾತಿನ ಮೇಲೆ ನಿಂತಿರುವುದು.

ಕಂದು ಜಿಗಿಹುಳು

ಈ ಹುಳುವು ಮೂರು ನಾಲ್ಕು ಮಿಲಿಮೀಟರು ಉದ್ದವಿರುವುದು. ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ, ಬುಡದ ನೆರಳಿನಲ್ಲಿ ಅಂಟಿಕೊಂಡು ರಸವನ್ನು ಹೀರುವುದು. ಬದುವಿನ ಮೇಲೆ ನಿಂತು ನೋಡಿದವನಿಗೆ ಇದು ಕಾಣಲಾರದು; ಬುಡವನ್ನು ಬಾಗಿಸಿ ತಟ್ಟಿದರೆ ನೀರಿನ ಮೇಲೆ ಬೀಳುವುದು ಕಾಣುವುದು. ನಾಟಿಯಾದ ಕೆಲವು ದಿವಸಗಳಲ್ಲಿಯೇ ಉದ್ದ ರೆಕ್ಕೆಯವು ಹಾರಿಬಂದು ಇಳಿಯುವುವು. ಅವುಗಳ ಸಂತತಿಯಲ್ಲಿ ಬಹಳ ಹೆಣ್ಣುಗಳಿಗೆ ರೆಕ್ಕೆ ಗಿಡ್ಡವಾಗಿರುವುದು. ಅವು ಎಲ್ಲಿಗೂ ಹೋಗದೆ ಇದ್ದಲ್ಲಿಯೇ ಮೊಟ್ಟೆಯಿಡುವುವು. ಪೈರು ಸಾರಗುಂದಿ ಹುಳುಗಳು ಕಿಕ್ಕಿರಿದಾಗ ಮತ್ತೆ ಉದ್ದ ರೆಕ್ಕೆಯವು ಹುಟ್ಟಿ ಬೇರೆ ಗದ್ದೆಗೆ ಹಾರಿಹೋಗುವುವು. ಹೆಣ್ಣು ತನ್ನ ಮೊಟ್ಟೆಗಳನ್ನು ಗರಿಯ ಬುಡದ ಕವಚವನ್ನು ಸೀಳಿ ಅದರೊಳಗೆ ಇಡುವುದು. ಒಂದೊಂದು ಹೆಣ್ಣು ಇನ್ನೂರರಷ್ಟು ಮೊಟ್ಟೆಗಳನ್ನಿಡಬಲ್ಲುದು. ಸುಮಾರು ಒಂದು ವಾರದಲ್ಲಿ ಮೊಟ್ಟೆಯೊಡೆದು, ಮತ್ತೆರಡು ವಾರಗಳಲ್ಲಿ ಮರಿ ಪ್ರಾಯಕ್ಕೆ ಬರುವುದು. ಹಾವಳಿ ಮಿತಿಮೀರಿದ ಕಡೆ ಪೈರು ಮೊದಲು ಹಳದಿಯಾಗಿ, ಆಮೇಲೆ ಬೆಂಕಿ ತಗುಲಿದಂತೆ ದುಂಡುದುಂಡಾಗಿ ಒಣಗುವುದು. ಹೊಡೆ ತುಂಬುವ ಸಮಯದಲ್ಲಿ ಹೀಗಾದರೆ ಆ ದುಂಡಿನೊಳಗೆ ಬತ್ತವಿರಲಿ, ದನಕ್ಕೆ ಹಾಕುವ ಹುಲ್ಲು ಕೂಡ ಸಿಕ್ಕುವುದಿಲ್ಲ.

ಈಗ ಚಿಕ್ಕದೊಂದು ಲೆಕ್ಕವನ್ನು ಮಾಡೋಣ. ಒಂದು ಹೆಣ್ಣಿನ ಇನ್ನೂರು ಮೊಟ್ಟೆಗಳಲ್ಲಿ ಒಂದು ಗಂಡೂ ಒಂದು ಹೆಣ್ಣೂ, ಅಂದರೆ ಎರಡು ಮಾತ್ರ ಬದುಕಿ ಪ್ರಾಯಕ್ಕೆ ಬಂದರೆ ಹುಳುವಿನ ಸಂಖ್ಯೆಯು ಹಿಂದಿದ್ದಷ್ಟೇ ಇರುವುದು. ಹಾಗಿರಬೇಕಾದರೆ ನೂರಕ್ಕೆ ತೊಂಬತ್ತೊಂಬತ್ತು ಸಾಯಬೇಕು. ನೂರಕ್ಕೆ ತೊಂಬತ್ತೈದು ಸತ್ತರೆ ಸಾಲದೇ ಎಂದು ಯಾರಾದರೂ ಕೇಳಬಹುದು. ಸಾಲದು; ಆಗ ಇನ್ನೂರರಲ್ಲಿ ಹತ್ತು ಉಳಿದು, ಸಂಖ್ಯೆಯು ಒಂದು ತಲೆಮಾರಿಗೆ ಐದರಷ್ಟಾಗುವುದು. ಮೂರು ತಲೆಮಾರುಗಳಲ್ಲಿ ಅದು 125ರಷ್ಟು. ಬುಡಕ್ಕೆ ಎರಡು ಹುಳುವಿದ್ದ ಗದ್ದೆಯು ತೆನೆ ಬರುವ ಹೊತ್ತಿಗೆ ಬುಡಕ್ಕೆ 250 ಹುಳುವಿನ ಗದ್ದೆಯಾಗುವುದು. ನೂರಕ್ಕೆ ನಾಲ್ಕರ ಈ ವ್ಯತ್ಯಾಸದಲ್ಲಿಯೇ ಬೇಸಾಯಗಾರನ ವರ್ಷದ ಅನ್ನವು ನಿಂತಿರುವುದು. ಹಾಗಾದರೆ ಸಾಮಾನ್ಯ ವರ್ಷಗಳಲ್ಲಿ ಆ ತೊಂಬತ್ತೊಂಬತ್ತನ್ನು ಕೊಲ್ಲತಕ್ಕವರು ಯಾರು?

ಗಾಳಿ ಮಳೆಗಳಿಂದ ಕೆಲವು ಸಾಯುವುದು ನಿಜ. ಆದರೆ ಹೆಚ್ಚಿನ ಭಾಗವನ್ನು ತೀರಿಸತಕ್ಕವು ಇತರ ಜೀವಿಗಳೇ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಜಗಳು ಗರಿಕವಚದೊಳಗಿನ ಮೊಟ್ಟೆಯನ್ನು ಪತ್ತೆಮಾಡಿ ಅದರೊಳಗೆ ತಮ್ಮ ಮೊಟ್ಟೆಯನ್ನಿಡುವುವು. ಹಸಿರು ಬಣ್ಣದ ಮಿರಿಡ್ ತಿಗಣೆಯು ಅದೇ ಮೊಟ್ಟೆಗಳನ್ನು ಚುಚ್ಚಿ ಹೀರುವುದು. ಜಿಗಿಹುಳುವಿನಷ್ಟೇ ಗಾತ್ರದ ಈ ಉಪಕಾರಿಯನ್ನು ಹಾನಿಕಾರಿಯೆಂದು ತಿಳಿದು ಔಷಧಿ ಹೊಡೆಯುವವರುಂಟು. ಮೊಟ್ಟೆಯಿಂದ ಹೊರಬಿದ್ದ ಮರಿಯು ಕಾಲುಜಾರಿ ನೀರಿಗೆ ಬಿದ್ದರೆ ನೀರಿನ ಮೇಲಣ ಸಣ್ಣ ತಿಗಣೆಗಳು ಗುಂಪಾಗಿ ಮುತ್ತುವುವು. ಎಲ್ಲಕ್ಕೂ ಮಿಗಿಲಾದುದು ತೋಳಜೇಡ. ಇದು ಬಲೆ ಹೆಣೆಯದೆ ಬುಡದಲ್ಲಿ ಓಡಾಡಿ ಬೇಟೆಯಾಡುವುದು. ಬೆನ್ನಿನ ಮೇಲೆ ಕವೆಗೋಲಿನಂಥ ಗುರುತಿರುವುದರಿಂದ ಇದನ್ನು ಗುರುತಿಸುವುದು ಸುಲಭ. ಒಂದು ತೋಳಜೇಡವು ದಿನಕ್ಕೆ 5ರಿಂದ 15 ಜಿಗಿಹುಳುಗಳನ್ನು ತಿನ್ನಬಲ್ಲುದೆಂದು ಫಿಲಿಪ್ಪೀನ್ಸ್ ದೇಶದಲ್ಲಿರುವ ಅಂತರರಾಷ್ಟ್ರೀಯ ಬತ್ತ ಸಂಶೋಧನಾ ಸಂಸ್ಥೆಯವರು ತಿಳಿಸಿರುವರು. ಹೆಣ್ಣುಜೇಡವು ಮೊಟ್ಟೆಯ ಚೀಲವನ್ನು ಹಿಂದಕ್ಕೆ ಕಟ್ಟಿಕೊಂಡೂ, ಮರಿಗಳನ್ನು ಬೆನ್ನ ಮೇಲೆ ಹೊತ್ತುಕೊಂಡೂ ತಿರುಗುವುದನ್ನು ಮಕ್ಕಳಿಗೆ ತೋರಿಸಿದರೆ ಅವರು ಮರುದಿನ ತಾವೇ ಹುಡುಕಿಕೊಂಡು ಬರುವರು.

ಇದು ಬರಿಯ ಊಹೆಯಲ್ಲವೆಂಬುದನ್ನು ಅದೇ ದೇಶದಲ್ಲಿ ಕೆನ್ಮೋರ್ ಎಂಬವರೂ ಅವರ ಸಹೋದ್ಯೋಗಿಗಳೂ ಗದ್ದೆಯಲ್ಲಿಯೇ ಪರೀಕ್ಷಿಸಿ 1984ರಲ್ಲಿ ಪ್ರಕಟಿಸಿದರು. ಜೇಡ ಮೊದಲಾದ ಶತ್ರುಗಳು ಒಳಗೆ ಬಾರದಂತೆ ಬಲೆಗೂಡು ಹೊದಿಸಿದ ಬುಡಗಳಲ್ಲಿ ಜಿಗಿಹುಳುವು ಮಿತಿಯಿಲ್ಲದೆ ವೃದ್ಧಿಯಾಯಿತು. ತೆರೆದ ಬುಡಗಳಲ್ಲಿ ಹಾಗಾಗಲಿಲ್ಲ.

ಔಷಧಿ ಹೊಡೆದಾಗ ನಡೆಯುವುದೇನು?

ನಾಟಿಯಾದ ಇಪ್ಪತ್ತು ಇಪ್ಪತ್ತೈದು ದಿವಸಗಳಲ್ಲಿ ಎಲೆ ಸುರುಳಿ ಹುಳುವಿನ ಬಿಳಿಯ ಪಟ್ಟೆಗಳು ಅಲ್ಲಲ್ಲಿ ಕಾಣಿಸುವುವು. ನೋಡುವುದಕ್ಕೆ ಮನಸ್ಸಿಗೆ ಕಸಿವಿಸಿಯಾಗುವುದು ಸಹಜವೇ. ಆದರೆ ತೆಂಡೆಯೊಡೆಯುತ್ತಿರುವ ಪೈರು ಆ ಕಾಲದಲ್ಲಿ ಕಳೆದುಕೊಂಡ ಗರಿಗಳನ್ನು ಹೊಸ ಗರಿಗಳಿಂದ ತುಂಬಿಕೊಳ್ಳಬಲ್ಲುದಾದುದರಿಂದ ಇಳುವರಿಗೆ ಬಹುಶಃ ಕುಂದು ಬರುವುದಿಲ್ಲ. ಈ ಸಮಾಧಾನವಿಲ್ಲದೆ, ಯೂರಿಯಾ ಕೊಳ್ಳುವಾಗ ಅಂಗಡಿಯವನು ಕೈಗೆ ಕೊಟ್ಟ ಸೀಸೆಯನ್ನೇ ತಂದು ಹೊಡೆಯುವುದು ಈಚಿನ ಪದ್ಧತಿಯಾಗಿರುವುದು. ಆ ಸೀಸೆಯಲ್ಲಿ ಅನೇಕ ವೇಳೆ ಇರುವುದು ಪೈರೆಥ್ರಾಯ್ಡ್ ಎಂಬ ವರ್ಗದ, ಸಿಕ್ಕಿದ ಹುಳುವನ್ನೆಲ್ಲ ಕೊಲ್ಲತಕ್ಕ ಔಷಧಿ. ಎಲೆ ಸುರುಳಿ ಹುಳುವು ಸಾಯುವುದು. ಬುಡದಲ್ಲಿದ್ದ ಜಿಗಿಹುಳುಗಳಲ್ಲಿಯೂ ಬಹಳ ಸಾಯುವುವು. ಜೇಡಗಳೂ ಮಿರಿಡ್ ತಿಗಣೆಗಳೂ ಸಾಯುವುವು. ಸಾಯದೆ ಉಳಿಯತಕ್ಕದ್ದು ಗರಿಕವಚದೊಳಗೆ ಭದ್ರವಾಗಿರುವ ಜಿಗಿಹುಳುವಿನ ಮೊಟ್ಟೆ. ಒಂದು ವಾರದಲ್ಲಿ ಆ ಮೊಟ್ಟೆಯೊಡೆದು ಬಂದ ಮರಿಗೆ ಕಾವಲುಗಾರರಿಲ್ಲದ ಕಣಜವೇ ದೊರೆತಂತಾಗುವುದು.

ಮೇಲಣ ಲೆಕ್ಕವನ್ನೇ ಇಲ್ಲಿಗೆ ಅನ್ವಯಿಸಿ ನೋಡಿರಿ. ಔಷಧಿಯು ನೂರು ಜಿಗಿಹುಳುಗಳಲ್ಲಿ ತೊಂಬತ್ತನ್ನು ಕೊಂದಿತೆನ್ನೋಣ. ಉಳಿದ ಹತ್ತು, ಶತ್ರುಗಳಿಲ್ಲದೆ ತಲೆಮಾರಿಗೆ ಐದರಷ್ಟಾದರೆ, ಎರಡು ತಲೆಮಾರುಗಳಲ್ಲಿ 250 ಆಗುವುವು. ಔಷಧಿ ಹೊಡೆಯದೆ ಬಿಟ್ಟಿದ್ದರೆ ಜೇಡಗಳ ಹಿಡಿತದಲ್ಲಿ ನೂರು ನೂರಾಗಿಯೇ ಇರುತ್ತಿದ್ದುವು. ಜೇಡದ ಒಂದು ತಲೆಮಾರಿಗೆ ತಿಂಗಳುಗಳು ಬೇಕಾಗುವುದರಿಂದ ಅದೇ ಬೆಳೆಯಲ್ಲಿ ಅದು ಮೊದಲಿನ ಸಂಖ್ಯೆಗೆ ಬರುವುದು ದುಸ್ಸಾಧ್ಯ. ಇದರ ಮೇಲೆ, ಈ ವರ್ಗದ ಕೆಲವು ಔಷಧಿಗಳು ಕೊಲ್ಲದಷ್ಟು ಅಲ್ಪ ಪ್ರಮಾಣದಲ್ಲಿ ತಗುಲಿದಾಗ ಹೆಣ್ಣು ಜಿಗಿಹುಳುವು ಇನ್ನೂ ಹೆಚ್ಚು ಮೊಟ್ಟೆಯಿಡುವುದೂ ಪರೀಕ್ಷೆಗಳಿಂದ ಕಂಡುಬಂದಿರುವುದು.

ಕಾವೇರಿ ನಾಲೆಯ ಬಯಲಿನ ಒಂದು ಗ್ರಾಮದಲ್ಲಿ, ಸುಟ್ಟಂತಾದ ಗದ್ದೆಯ ಬದುವಿನ ಮೇಲೆ ನಿಂತು ವೃದ್ಧ ಬೇಸಾಯಗಾರರೊಬ್ಬರು ನನ್ನೊಡನೆ, “ಮೂರು ಸಲ ಹೊಡೆಸ್ದೆ ಸ್ವಾಮಿ. ಹೊಡೆದಷ್ಟೂ ಜಾಸ್ತಿಯಾಯ್ತು. ಔಷಧೀನೇ ಅದಕ್ಕೆ ಊಟವಾಯ್ತೋ ಏನೋ” ಎಂದರು. “ಊಟವಾಗಲಿಲ್ಲ ಗೌಡರೇ, ಅದನ್ನು ಊಟಮಾಡುವವರು ಇಲ್ಲದಂತಾಯಿತು” ಎಂದು ಹೇಳಿ, ಅವರ ಗದ್ದೆಯ ಇಪ್ಪತ್ತು ಬುಡಗಳನ್ನು ಅವರ ಕೈಯಿಂದಲೇ ತಟ್ಟಿಸಿದೆನು. ಒಂದು ಜೇಡವೂ ಬೀಳಲಿಲ್ಲ. ಬದು ದಾಟಿ ಪಕ್ಕದ ವಿಧವೆಯೊಬ್ಬರ ಗದ್ದೆಗೆ ಹೋದೆವು. ಔಷಧಿಗೆ ಹಣವಿಲ್ಲದೆ ಆಕೆ ಒಂದು ಸಾರಿಯೂ ಹೊಡೆಸಿರಲಿಲ್ಲ. ಅಲ್ಲಿ ಬುಡ ತಟ್ಟಿದಲ್ಲೆಲ್ಲ ಜಿಗಿಹುಳುವೂ ಬಿದ್ದಿತು, ಜೇಡವೂ ಬಿದ್ದಿತು. ಪೈರು ಹಸಿರಾಗಿಯೇ ಇದ್ದಿತು. ಗೌಡರು ಬಹಳ ಹೊತ್ತು ಮಾತನಾಡಲಿಲ್ಲ. ಆ ವರ್ಷ ಸಹಕಾರ ಸಂಘದ ಸಾಲದಲ್ಲಿ ಅವರು ಔಷಧಿಗೆಂದೇ ತೆಗೆದುಕೊಂಡ ಭಾಗವು ಅವರ ಗದ್ದೆಯ ಬತ್ತದಿಂದ ತೀರುವಂತಿರಲಿಲ್ಲ.

ಇಂಥ ಹಾವಳಿ ನಮ್ಮಲ್ಲಿ ಮಾತ್ರ ಆದುದಲ್ಲ. 1970ಕ್ಕೆ ಮುಂಚೆ ದಕ್ಷಿಣ ಭಾರತದಲ್ಲಿ ಕಂದು ಜಿಗಿಹುಳುವನ್ನು ಯಾರೂ ದೊಡ್ಡ ಪೀಡೆಯೆಂದು ಎಣಿಸಿರಲಿಲ್ಲ. 1973-74ರಲ್ಲಿ ಕೇರಳದ ಕುಟ್ಟನಾಡಿನಲ್ಲಿ ಅದು ಘೋರವಾಗಿ ಕಾಣಿಸಿಕೊಂಡಿತು. ಗಿಡ್ಡ ತಳಿಗಳು, ಹೆಚ್ಚು ಸಾರಜನಕ, ಎಡೆಬಿಡದ ಬೆಳೆ, ಔಷಧಿ ಇವೆಲ್ಲವೂ ಕೂಡಿಬಂದ ಕಾಲವದು. ಹುಳುವನ್ನು ತಡೆಯುವ ತಳಿಯೇ ಪರಿಹಾರವೆಂದು 1973ರಲ್ಲಿ ಐ.ಆರ್. 26 ಎಂಬ ತಳಿಯನ್ನು ಹೊರತಂದರು. ಮೂರು ನಾಲ್ಕು ವರ್ಷಗಳೊಳಗಾಗಿ ಆ ತಳಿಯ ಮೇಲೆಯೂ ಬದುಕಬಲ್ಲ ಜಿಗಿಹುಳುಗಳು ತಲೆದೋರಿದುವು. ಇಂಡೋನೇಷ್ಯಾ ದೇಶದಲ್ಲಿ ಸರ್ಕಾರವೇ ಬೆಲೆಯ ಬಹುಭಾಗವನ್ನು ಭರಿಸಿ ಕೀಟನಾಶಕಗಳನ್ನು ಹಂಚುತ್ತಿದ್ದಿತು. 1984ರಲ್ಲಿ ಅಕ್ಕಿಯ ವಿಷಯದಲ್ಲಿ ಸ್ವಾವಲಂಬನ ಪಡೆದ ಆ ದೇಶವು ಎರಡೇ ವರ್ಷಗಳಲ್ಲಿ ಜಿಗಿಹುಳುವಿನ ದೆಸೆಯಿಂದ ಮತ್ತೆ ಆತಂಕಕ್ಕೀಡಾಯಿತು. 1986ರ ನವೆಂಬರಿನಲ್ಲಿ ಅಲ್ಲಿನ ಅಧ್ಯಕ್ಷರು ಬತ್ತದ ಮೇಲೆ 57 ಬಗೆಯ ಕೀಟನಾಶಕಗಳನ್ನು ಉಪಯೋಗಿಸಕೂಡದೆಂದು ಆಜ್ಞೆ ಹೊರಡಿಸಿದರು. ಸಹಾಯಧನವನ್ನೂ ಕ್ರಮಕ್ರಮವಾಗಿ ನಿಲ್ಲಿಸಿದರು. ಔಷಧಿಯ ಉಪಯೋಗವು ಬಹಳ ಮಟ್ಟಿಗೆ ಇಳಿಯಿತು. ಅಕ್ಕಿಯ ಉತ್ಪತ್ತಿಯು ಇಳಿಯಲಿಲ್ಲ.

ಜೇಡಗಳು ಹೊಟ್ಟೆಗೆ ಏನು ಮಾಡುವುವು?

ಇದು ನನಗೆ ಅತ್ಯಂತ ಸ್ವಾರಸ್ಯವಾಗಿ ತೋರಿದ ಭಾಗ. ನಾಟಿಯಾದ ಹೊಸದರಲ್ಲಿ ಜಿಗಿಹುಳುಗಳು ಇನ್ನೂ ಬಂದಿರುವುದಿಲ್ಲ, ಅಥವಾ ಅತ್ಯಲ್ಪವಾಗಿರುವುವು. ಹಾಗಿದ್ದರೂ ಗದ್ದೆಯಲ್ಲಿ ಜೇಡಗಳು ಆಗಲೇ ಸೇರಿರುವುವು. ಅವು ಉಪವಾಸವಿರಲಾರವಷ್ಟೆ. ಸೆಟ್ಲ್ ಎಂಬವರೂ ಅವರ ಸಂಗಡಿಗರೂ ಜಾವಾ ದ್ವೀಪದ ಗದ್ದೆಗಳಲ್ಲಿ ವಿಚಾರಣೆಮಾಡಿ 1996ರಲ್ಲಿ ಇದಕ್ಕೆ ಉತ್ತರವನ್ನು ಕೊಟ್ಟರು. ಕೆಸರಿನಲ್ಲಿ ಕೊಳೆಯುತ್ತಿರುವ ಸಸ್ಯಪದಾರ್ಥವನ್ನೂ, ಅದನ್ನು ಆಶ್ರಯಿಸಿದ ಸೂಕ್ಷ್ಮಜೀವಿಗಳನ್ನೂ ತಿಂದು ಸೊಳ್ಳೆಯಂಥ ನೊಣಗಳೂ ಇತರ ಸಣ್ಣ ಹುಳುಗಳೂ ಹೇರಳವಾಗಿ ಹುಟ್ಟುವುವು. ಇವು ಬತ್ತಕ್ಕೆ ಒಳ್ಳೆಯದನ್ನೂ ಮಾಡವು, ಕೆಟ್ಟದ್ದನ್ನೂ ಮಾಡವು. ಆದರೆ ಇವೇ ಜೇಡಗಳ ಮೊದಲ ಆಹಾರ. ಕೊಳೆಯುವ ಪದಾರ್ಥವು ಹೆಚ್ಚಿದ ಗದ್ದೆಯಲ್ಲಿ ಈ ನಡುವಣ ಹುಳುಗಳು ಹೆಚ್ಚಿ, ಅವುಗಳಿಂದ ಜೇಡ ಮೊದಲಾದುವು ಹೆಚ್ಚಿ, ಪೀಡೆಯ ಹುಳುವು ಬರುವ ಹೊತ್ತಿಗೆ ದಂಡು ಸಿದ್ಧವಾಗಿರುವುದು.

ಇದರಿಂದ ನಮ್ಮ ಹಿರಿಯರು ಗದ್ದೆಗೆ ಹಾಕುತ್ತಿದ್ದ ಕೊಟ್ಟಿಗೆ ಗೊಬ್ಬರ, ಹೊಂಗೆಸೊಪ್ಪು ಮುಂತಾದವುಗಳಿಗೆ ನಾವು ಪುಸ್ತಕದಲ್ಲಿ ಓದಿದ್ದಕ್ಕಿಂತ ಹೆಚ್ಚಿನ ಒಂದು ಪ್ರಯೋಜನವುಂಟೆಂದು ಸ್ಪಷ್ಟವಾಗುವುದು. ಸೊಪ್ಪು ಮಣ್ಣಿಗೆ ಸಾರವನ್ನು ಕೊಡುವುದಲ್ಲದೆ, ಕೆಸರಿನ ನೊಣಗಳ ಮೂಲಕ ಜೇಡಗಳನ್ನೂ ಸಾಕುವುದು. ಯೂರಿಯಾ ಮಾತ್ರ ಹಾಕಿದ ಗದ್ದೆಯಲ್ಲಿ ಈ ಸಾಕಣೆಯಿಲ್ಲ. ಅಷ್ಟೇ ಅಲ್ಲದೆ, ಸಾರಜನಕವು ಮಿತಿಮೀರಿ ಕೊಬ್ಬಿದ ಪೈರಿನ ರಸವನ್ನು ಹೀರಿದ ಜಿಗಿಹುಳುವು ಹೆಚ್ಚು ಮೊಟ್ಟೆಯಿಡುವುದು, ಅದರ ಮರಿಗಳೂ ಹೆಚ್ಚಾಗಿ ಉಳಿಯುವುವು. ಹೀಗೆ ಒಂದೇ ಮೂಟೆಯಿಂದ ಎರಡು ಕಡೆಯಿಂದಲೂ ಪೆಟ್ಟು ಬೀಳುವುದು.

ಕಪ್ಪೆ, ಹಾವು, ಗೂಬೆಗಳ ವಿಷಯವನ್ನು ಇಲ್ಲಿ ವಿಸ್ತರಿಸಲು ಸ್ಥಳವಿಲ್ಲ. ಕಪ್ಪೆಯ ಕಾಲುಗಳನ್ನು ಪರದೇಶಗಳಿಗೆ ಕಳುಹಿಸುವ ವ್ಯಾಪಾರವನ್ನು ಭಾರತ ಸರ್ಕಾರದವರು 1987ರಲ್ಲಿ ನಿಷೇಧಿಸಿದರೆಂಬುದನ್ನೂ, ಕೇರೆಹಾವನ್ನು ಕಂಡಲ್ಲಿ ಹೊಡೆಯುವವರೇ ಸುಗ್ಗಿಯಲ್ಲಿ ಇಲಿಗಳ ಕಾಟವೆಂದು ಕಚೇರಿಗೆ ಬರುವರೆಂಬುದನ್ನೂ ಹೇಳಿದರೆ ಸಾಕು.

ಗದ್ದೆಯನ್ನು ಪರೀಕ್ಷಿಸುವ ಕ್ರಮ

ವಾರಕ್ಕೊಂದು ಸಾರಿ, ಬೆಳಗಿನ ಹೊತ್ತು, ಗದ್ದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ನಡೆದುಹೋಗುತ್ತ ಅಲ್ಲಲ್ಲಿ ಒಟ್ಟು ಇಪ್ಪತ್ತು ಬುಡಗಳನ್ನು ಆರಿಸಿಕೊಳ್ಳಬೇಕು. ಚೆನ್ನಾಗಿರುವುದನ್ನೋ ಕೆಟ್ಟದ್ದನ್ನೋ ಹುಡುಕಿ ಆರಿಸಕೂಡದು. ಪ್ರತಿಯೊಂದು ಬುಡವನ್ನೂ ಸ್ವಲ್ಪ ಬಾಗಿಸಿ ಅಂಗೈಯಿಂದ ಎರಡು ಮೂರು ಸಾರಿ ತಟ್ಟಿ, ನೀರಿನ ಮೇಲೆ ಬಿದ್ದ ಜಿಗಿಹುಳುಗಳನ್ನೂ, ಜೇಡಗಳನ್ನೂ, ಮಿರಿಡ್ ತಿಗಣೆಗಳನ್ನೂ ಬೇರೆಬೇರೆಯಾಗಿ ಎಣಿಸಿ ಬರೆದಿಡಬೇಕು. ನೀರಿಲ್ಲದಿದ್ದರೆ ಬುಡದ ಪಕ್ಕದಲ್ಲಿ ಬಿಳಿಯ ತಟ್ಟೆಯೊಂದನ್ನು ಹಿಡಿಯಬಹುದು. ಓದುಬರಹ ಬಲ್ಲ ಮಕ್ಕಳಿಗೆ ಈ ಕೆಲಸವನ್ನು ಒಪ್ಪಿಸಿದರೆ ಅವರ ಕಣ್ಣು ನಮ್ಮದಕ್ಕಿಂತ ಚುರುಕಾಗಿರುವುದು ತಿಳಿಯುವುದು. ಸರಾಸರಿ ಬುಡಕ್ಕೆ ಸುಮಾರು ಹತ್ತಕ್ಕಿಂತ ಕಡಿಮೆ ಜಿಗಿಹುಳುಗಳಿದ್ದು, ಜೇಡಗಳೂ ಮಿರಿಡ್ ತಿಗಣೆಗಳೂ ಕಾಣುತ್ತಿದ್ದರೆ ಔಷಧಿಯ ಮಾತನ್ನೇ ಎತ್ತತಕ್ಕದ್ದಲ್ಲ. ಮುಂದಿನ ವಾರ ಮತ್ತೆ ಎಣಿಸಬೇಕು. ಒಂದು ದಿನದ ಎಣಿಕೆಗಿಂತ ಎರಡು ವಾರಗಳ ಎಣಿಕೆಯಲ್ಲಿ ಕಾಣುವ ಏರಿಳಿತವೇ ಹೆಚ್ಚು ವಿಶ್ವಾಸಾರ್ಹವಾದುದು.

ಸಂಖ್ಯೆಯು ಏರುತ್ತಿರುವುದು ಕಂಡರೆ ಮೊದಲು ಮಾಡತಕ್ಕದ್ದು ನೀರನ್ನು ಬಸಿದು ಮೂರು ನಾಲ್ಕು ದಿವಸ ಗದ್ದೆಯನ್ನು ಆರಗೊಡುವುದು. ಬುಡದ ತಂಪು ಕಡಿಮೆಯಾದರೆ ಜಿಗಿಹುಳುವಿಗೆ ಅನುಕೂಲ ತಪ್ಪುವುದು. ಸಾರಜನಕದ ಮೇಲುಗೊಬ್ಬರವನ್ನು ಆ ಸಮಯದಲ್ಲಿ ನಿಲ್ಲಿಸಬೇಕು. ನಾಟಿಮಾಡುವಾಗಲೇ ಪ್ರತಿ ಎರಡು ಮೂರು ಮೀಟರಿಗೊಂದರಂತೆ ಒಂದಡಿ ಅಗಲದ ಓಣಿಯನ್ನು ಬಿಟ್ಟಿದ್ದರೆ ಗಾಳಿ ಬೆಳಕು ಬುಡಕ್ಕೆ ಸೋಕುವುದಲ್ಲದೆ, ತಟ್ಟಿ ನೋಡುವುದಕ್ಕೆ ನಡೆದಾಡಲು ದಾರಿಯೂ ಆಗುವುದು. “ಓಣಿ ಬಿಟ್ಟರೆ ಅಷ್ಟು ಬತ್ತ ನಷ್ಟವಲ್ಲವೇ” ಎಂದು ಕೇಳುವವರುಂಟು. ಓಣಿಯ ಅಂಚಿನ ಬುಡಗಳು ಹೆಚ್ಚು ತೆಂಡೆಯೊಡೆಯುವುದನ್ನು ಅವರು ಒಂದು ವರ್ಷ ಪರೀಕ್ಷಿಸಿ ನೋಡಲಿ. ಬದುವಿನ ಮೇಲೆ ಎಳ್ಳನ್ನೋ ಅಲಸಂದೆಯನ್ನೋ ಹಾಕಿದರೆ ಅವುಗಳ ಹೂವಿನ ಮಕರಂದವು ಮೊಟ್ಟೆ ತಿನ್ನುವ ಸಣ್ಣ ಕಣಜಗಳಿಗೆ ಆಹಾರವಾಗುವುದು. ಬದುವಿನ ಹುಲ್ಲನ್ನೆಲ್ಲ ಒಮ್ಮೆಲೆ ಕೆತ್ತದೆ ಅರ್ಧರ್ಧವಾಗಿ ಕೊಯ್ದುಕೊಂಡರೆ ಜೇಡಗಳಿಗೆ ನೆಲೆ ತಪ್ಪುವುದಿಲ್ಲ.

ಇಷ್ಟಾದರೂ ಸಂಖ್ಯೆಯು ಇಳಿಯದೆ, ಜೇಡಗಳು ಕಡಿಮೆಯಿದ್ದು, ಪೈರು ಹೊಡೆಯ ಹಂತದಲ್ಲಿದ್ದರೆ ಔಷಧಿಯು ಅನಿವಾರ್ಯವಾಗುವುದು. ಆಗ ಪೈರೆಥ್ರಾಯ್ಡ್ ವರ್ಗದವನ್ನು ಸರ್ವಥಾ ಉಪಯೋಗಿಸಕೂಡದು. ಇಮಿಡಾಕ್ಲೋಪ್ರಿಡ್ ಎಂಬುದನ್ನು ಏಷ್ಯಾಖಂಡದಲ್ಲೆಲ್ಲ ಮಿತಿಮೀರಿ ಬಳಸಿದ ಕಾರಣ 2003ರಿಂದೀಚೆಗೆ ಅದಕ್ಕೆ ಜಗ್ಗದ ಜಿಗಿಹುಳುಗಳು ಅನೇಕ ದೇಶಗಳಲ್ಲಿ ಕಂಡುಬಂದಿರುವುದರಿಂದ, ಯಾವ ಔಷಧಿ ತಕ್ಕುದೆಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿಯೇ ಕೊಳ್ಳಬೇಕು. ಎರಡು ಮೂರು ಸೀಸೆಗಳನ್ನು ಒಟ್ಟಿಗೆ ಬೆರೆಸಕೂಡದು. ಸಿಂಪರಣೆಯ ಕೊಳವೆಯ ಮೂತಿಯನ್ನು ಗರಿಗಳ ಮೇಲಕ್ಕಲ್ಲದೆ ಬುಡಕ್ಕೆ ತಿರುಗಿಸಿ ಹಿಡಿಯತಕ್ಕದ್ದು. ಗದ್ದೆಯನ್ನೆಲ್ಲ ತೋಯಿಸದೆ, ಹಳದಿಯಾದ ದುಂಡುಗಳಿಗೂ ಅವುಗಳ ಸುತ್ತ ನಾಲ್ಕಾರು ಮಾರು ಪೈರಿಗೂ ಮಾತ್ರ ಹೊಡೆದು ಉಳಿದುದನ್ನು ಬಿಟ್ಟರೆ, ಬಿಟ್ಟ ಭಾಗದ ಜೇಡಗಳು ಕೆಲವು ದಿವಸಗಳಲ್ಲಿ ಹೊಡೆದ ಭಾಗಕ್ಕೆ ಹಿಂತಿರುಗಿ ಬರುವುವು.